ಹೊಸ ಟರ್ಬೊ ಡೀಸೆಲ್ ಕಾರು: ದಿನಾ 9 ಕಿ.ಮೀ. ಓಡಿಸುವ ಶಿಕ್ಷಕಿಗೆ ಒಂದು ಉತ್ತರ

ಪ್ರಶ್ನೆ: ನಾನು ಹಾಸನದಲ್ಲಿ ಶಾಲಾ ಶಿಕ್ಷಕಿ. ಹದಿನೈದು ದಿನದ ಹಿಂದೆ 1.5 ಲೀಟರ್ ಟರ್ಬೊ ಡೀಸೆಲ್ ಕಾರು ತಗೊಂಡೆವು. ಮ್ಯಾನುಯಲ್ ಗೇರ್, ಬಿಎಸ್6 ಗಾಡಿ. ಈಗ 640 ಕಿ.ಮೀ. ಓಡಿದೆ. ದಿನಾ ಶಾಲೆಗೆ ಹೋಗಿ ಬರೋಕೆ ಒಟ್ಟು 9 ಕಿ.ಮೀ. ಆಗುತ್ತದೆ. ನಮ್ಮ ಭಾವ, ಎರಡು ಸಾವಿರ ಕಿ.ಮೀ. ಆಗುವ ತನಕ 60ರ ಮೇಲೆ ಹೋಗಲೇಬೇಡಿ ಅಂತಾರೆ. ಪಕ್ಕದ ಮನೆಯ ಟ್ಯಾಕ್ಸಿ ಡ್ರೈವರ್, ಬೆಳಿಗ್ಗೆ ಐದು ನಿಮಿಷ, ಆಫ್ ಮಾಡುವ ಮುಂಚೆ ಮೂರು ನಿಮಿಷ ಇಂಜಿನ್ ಸುಮ್ನೆ ಓಡ್ತಾ ಇರಬೇಕು ಅಂತಾರೆ. ಶೋರೂಮಿನವರು ‘ಏನೂ ಬೇಡ ಮೇಡಂ, ಆರಾಮಾಗಿ ಓಡಿಸಿ’ ಅಂದರು. ಯಾರ ಮಾತು ಕೇಳಲಿ? ಸಾವಿರ ಕಿ.ಮೀ.ಗೆ ಆಯಿಲ್ ಬದಲಿಸಬೇಕಾ? ಮುಂದಿನ ವಾರ ಮಂಗಳೂರಿಗೆ ಅಮ್ಮನ ಮನೆಗೆ ಹೋಗಬೇಕು. ಹೊಸ ಗಾಡಿಯಲ್ಲಿ ಶಿರಾಡಿ ಘಾಟಿ ಇಳಿದು ಹತ್ತಬಹುದಾ?

ಉತ್ತರ: ಮೇಡಂ, ಮೊದಲು ಮಂಗಳೂರಿನ ವಿಷಯ ಮುಗಿಸಿಬಿಡೋಣ. ಧಾರಾಳವಾಗಿ ಹೋಗಿ ಬನ್ನಿ. ಹೊಸ ಇಂಜಿನ್‌ಗೆ ಅಂಥ ಓಟ ಒಳ್ಳೆಯದೇ. ಹೇಗೆ ಓಡಿಸಬೇಕು ಅಂತ ಮುಂದೆ ಹೇಳುತ್ತೇನೆ.

ನಿಮ್ಮ ಪತ್ರ ಓದಿದಾಗ ನನಗೆ ಘಾಟಿಯ ಬಗ್ಗೆ ಚಿಂತೆ ಆಗಲಿಲ್ಲ. ಚಿಂತೆಯಾಗಿದ್ದು ಆ 9 ಕಿ.ಮೀ. ಬಗ್ಗೆ. ಹೋಗೋಕೆ ನಾಲ್ಕೂವರೆ, ಬರೋಕೆ ನಾಲ್ಕೂವರೆ. ಅಷ್ಟರಲ್ಲಿ ಡೀಸೆಲ್ ಇಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ. ಈಗಿನ ಟರ್ಬೊ ಡೀಸೆಲ್ ಗಾಡಿಗಳು ದುಡಿದು ಹಾಳಾಗಿದ್ದನ್ನು ನಾನು ಕಂಡಿದ್ದು ಕಡಿಮೆ. ಬಿಸಿಯಾಗದೆ ಅಲ್ಲಲ್ಲೇ ಓಡಾಡಿ, ಹಳೇ ಆಯಿಲ್‌ನಲ್ಲೇ ದಿನ ತಳ್ಳಿ ಹಾಳಾಗಿದ್ದನ್ನು ಜಾಸ್ತಿ ಕಂಡಿದ್ದೇನೆ. ಹಾಗಾಗಿ ನನ್ನ ಉತ್ತರದಲ್ಲಿ ಮೊದಲ ಸಾವಿರ ಕಿ.ಮೀ. ಎಷ್ಟು ಬರುತ್ತದೋ, ಆಮೇಲಿನ ದಿನಗಳೂ ಅಷ್ಟೇ ಬರುತ್ತವೆ.

ನಿಮ್ಮ ಭಾವ ಹೇಳಿದ್ದು ಅವರ ಕಾಲಕ್ಕೆ ಸರಿಯೇ. ಅಂಬಾಸಡರ್, ಪದ್ಮಿನಿ ಕಾಲದಲ್ಲಿ ಪಿಸ್ಟನ್, ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಕೊಳವೆ), ಬೇರಿಂಗ್‌ಗಳ ಅಳತೆ ಇವತ್ತಿನಷ್ಟು ಕರಾರುವಾಕ್ಕಾಗಿ ಬರುತ್ತಿರಲಿಲ್ಲ. ಆಯಿಲ್ ಕೂಡ ಇಷ್ಟು ಒಳ್ಳೆಯದಿರಲಿಲ್ಲ. ಉಬ್ಬುತಗ್ಗುಗಳು ಒಂದಕ್ಕೊಂದು ಉಜ್ಜಿಕೊಂಡು ಸವೆಯೋಕೆ ಸಮಯ ಬೇಕಿತ್ತು. ಅವಸರ ಮಾಡಿದರೆ ಪಿಸ್ಟನ್ ಹಿಡಿದುಕೊಂಡುಬಿಡುವ ಭಯ ನಿಜವಾಗಿಯೂ ಇತ್ತು. ಈಗ ಆ ಕೆಲಸದ ಬಹುಪಾಲು ಫ್ಯಾಕ್ಟರಿಯ ಮಷೀನಿನಲ್ಲೇ ಮುಗಿದಿರುತ್ತದೆ. ಆದರೆ ಪೂರ್ತಿ ಮುಗಿದಿರುವುದಿಲ್ಲ. ಒಂದು ಕೆಲಸ ಇಂಜಿನ್ ಓಡುತ್ತಲೇ ಆಗಬೇಕು. ಅದೇ ರಿಂಗ್, ಅಂದರೆ ಪಿಸ್ಟನ್ ಸುತ್ತ ಇರುವ ಲೋಹದ ಬಳೆ, ಸರಿಯಾಗಿ ಕೂರುವುದು.

ಸಿಲಿಂಡರಿನ ಒಳಗೋಡೆ ಕನ್ನಡಿಯ ಹಾಗೆ ನುಣ್ಣಗಿರುತ್ತದೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಹಾಗಿರುವುದಿಲ್ಲ. ಹೊಸ ಬೋರ್ ಒಳಗೆ ಟಾರ್ಚ್ ಬಿಟ್ಟು ನೋಡಿದರೆ ಓರೆಯಾಗಿ ಒಂದರ ಮೇಲೊಂದು ಹಾಯ್ದ ಸಣ್ಣ ಗೀರುಗಳು ಕಾಣುತ್ತವೆ, ಚಾಪೆ ಹೆಣೆದ ಹಾಗೆ. ಹೋನಿಂಗ್ ಮಾಡುವಾಗ, ಅಂದರೆ ಬೋರನ್ನು ಕೊನೆಯದಾಗಿ ಉಜ್ಜಿ ಸರಿಮಾಡುವಾಗ, ಬೇಕೆಂದೇ ಆ ಗೀರು ಬಿಟ್ಟಿರುತ್ತಾರೆ. ಅದರಲ್ಲಿ ಆಯಿಲ್ ನಿಂತು ಪಿಸ್ಟನ್‌ಗೆ ಜಾರಿಕೆ ಕೊಡುತ್ತದೆ. ಗೀರಿನ ತುದಿಯಲ್ಲಿ ಉಳಿದ ಸಣ್ಣ ಮೊನೆಗಳನ್ನು ರಿಂಗ್ ಉಜ್ಜಿ ತೆಗೆದು, ತನಗೆ ಬೇಕಾದ ಹಾಗೆ ಗೋಡೆಗೆ ಒಗ್ಗಿಕೊಳ್ಳಬೇಕು. ಆಗಲೇ ಕಂಪ್ರೆಷನ್ ಸೋರದೆ ಪೂರ್ತಿ ಉಳಿಯುವುದು, ಆಯಿಲ್ ಮೇಲೆ ಹೋಗದಿರುವುದು.

ಇಲ್ಲಿ ಒಂದು ವಿಷಯ ಗಮನಿಸಿ. ರಿಂಗ್ ಬರೀ ತನ್ನ ಸ್ಪ್ರಿಂಗ್ ಬಲದಿಂದ ಗೋಡೆಗೆ ಒತ್ತಿಕೊಳ್ಳುವುದಿಲ್ಲ. ಮೇಲೆ ಉರಿದ ಗ್ಯಾಸ್ ರಿಂಗಿನ ಹಿಂದಿನ ಸಂದಿಗೆ ನುಗ್ಗಿ ಅದನ್ನು ಗೋಡೆಗೆ ತಳ್ಳುತ್ತದೆ. ಇಂಜಿನ್ ಎಷ್ಟು ಎಳೆಯುತ್ತದೋ ಅಷ್ಟು ಒತ್ತಡ ಸಿಗುತ್ತದೆ. ಸದಾ ಮೆಲ್ಲಗೆ, ಲೋಡೇ ಇಲ್ಲದೆ ಓಡಿಸಿದರೆ ಆ ಒತ್ತಡ ಸಾಲದು. ಗೀರುಗಳಲ್ಲಿ ನಿಂತ ಆಯಿಲ್ ಅಲ್ಲೇ ಸುಟ್ಟು ವಾರ್ನಿಷ್ ಬಳಿದ ಹಾಗೆ ಮುಚ್ಚಿಕೊಳ್ಳುತ್ತದೆ. ಇದಕ್ಕೆ ನಾವು ‘ಬೋರ್ ಗ್ಲೇಜ್ ಆಗಿದೆ’ ಅಂತೀವಿ. ಒಮ್ಮೆ ಹೀಗಾದ ಇಂಜಿನ್ ಮುಂದೆ ಆಯಿಲ್ ಕುಡಿಯುತ್ತಲೇ ಇರುತ್ತದೆ. ಸರಿಮಾಡೋಕೆ ಇಂಜಿನ್ ಬಿಚ್ಚಿ ಮತ್ತೆ ಹೋನಿಂಗ್ ಮಾಡಬೇಕು. ಎರಡು ಸಾವಿರ ಕಿ.ಮೀ. ತನಕ ಒಂದೇ ಸಮನೆ 50–60ರಲ್ಲಿ ಹೋಗುವುದು ಸುರಕ್ಷಿತ ಅಂತ ಕಾಣುತ್ತದೆ, ಆದರೆ ಈಗಿನ ಇಂಜಿನ್‌ಗೆ ಅದು ಉಪಕಾರ ಅಲ್ಲ.

ಹಾಗಂತ ಮೊದಲ ದಿನವೇ ಕಾಲು ಪೂರ್ತಿ ಒತ್ತಬೇಡಿ. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಮೊದಲ 1,000 ಕಿ.ಮೀ. ಬಗ್ಗೆ ಒಂದು ಪುಟ ಇದ್ದೇ ಇರುತ್ತದೆ. ಅದನ್ನು ಓದಿ, ಅದೇ ಅಂತಿಮ. ನಾನು ಹೇಳುವುದು ಅದರ ವಿವರ ಅಷ್ಟೇ. ಮೀಟರಿನಲ್ಲಿ ವೇಗದ ಮುಳ್ಳಿಗಿಂತ ಆರ್‌ಪಿಎಂ ಮುಳ್ಳು, ಅಂದರೆ ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಅಂತ ತೋರಿಸುವ ಮುಳ್ಳು ನೋಡಿ. ಇಂಜಿನ್ ಬಿಸಿಯಾದ ಮೇಲೆ ಅದು 1,500ರಿಂದ 3,000ದ ನಡುವೆ ಓಡಾಡುತ್ತಿರಲಿ. ಓಡಾಡುತ್ತಿರಲಿ ಅನ್ನುವುದು ಮುಖ್ಯ. ಒಂದೇ ಕಡೆ ನಿಲ್ಲಬಾರದು. ಮೂರನೇ ಗೇರಿನಲ್ಲಿ 1,700ರಿಂದ 2,700ರ ತನಕ ಅರ್ಧ ಎಕ್ಸಲೇಟರ್ ಒತ್ತಿ ಎಳೆಸಿ. ಆಮೇಲೆ ಕಾಲು ತೆಗೆದು ಗೇರಿನಲ್ಲೇ ನಿಧಾನ ಆಗೋಕೆ ಬಿಡಿ. ಮತ್ತೆ ಎಳೆಸಿ. ಹೈವೇಯಲ್ಲಿ ಕ್ರೂಸ್ ಕಂಟ್ರೋಲ್ ಹಾಕಿ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಕೂರಬೇಡಿ. ಇಷ್ಟೇ ರನ್ನಿಂಗ್ ಇನ್, ಅಂದರೆ ಹೊಸ ಇಂಜಿನ್ ಪಳಗಿಸುವುದು.

ಆದರೆ ಹೊಸಬರು ಮಾಡುವ ಒಂದು ತಪ್ಪು ಇದೆ. ಅದು ಜೋರಾಗಿ ಓಡಿಸುವುದಕ್ಕಿಂತ ಕೆಟ್ಟದ್ದು. ಹಂಪ್ ದಾಟಿದ ಮೇಲೆ ಗೇರ್ ಇಳಿಸದೆ, ನಾಲ್ಕನೇ ಗೇರಿನಲ್ಲೇ 1,000–1,100 ಆರ್‌ಪಿಎಂನಿಂದ ಎಕ್ಸಲೇಟರ್ ಒತ್ತುವುದು. ಗಾಡಿ ಗದಗದ ನಡುಗುತ್ತದೆ, ಆದರೂ ಎಳೆಯುತ್ತದೆ. ‘ಡೀಸೆಲ್ ಅಲ್ವಾ, ಎಳೆಯುತ್ತೆ ಬಿಡಿ’ ಅನ್ನುತ್ತಾರೆ. ಡೀಸೆಲ್ ಎಳೆಯುತ್ತದೆ ನಿಜ. ಆ ಹೊತ್ತಿನಲ್ಲಿ ಆಯಿಲ್ ಪಂಪ್ ನಿಧಾನಕ್ಕೆ ತಿರುಗುತ್ತಿರುತ್ತದೆ. ಆಯಿಲ್ ಒತ್ತಡ ಕಡಿಮೆ, ಟರ್ಬೊ ಇನ್ನೂ ಎದ್ದಿರುವುದಿಲ್ಲ. ಆದರೆ ಪ್ರತಿ ಹೊಡೆತದ ಭಾರ ಪೂರ್ತಿ ಬೇರಿಂಗ್ ಮೇಲೆ ಬೀಳುತ್ತದೆ. ಫ್ಲೈವೀಲ್, ಕ್ಲಚ್ ಕೂಡ ಪೆಟ್ಟು ತಿನ್ನುತ್ತವೆ. ಗೇರ್ ಇಳಿಸೋಕೆ ಅರ್ಧ ಸೆಕೆಂಡ್ ಸಾಕು. ಇಳಿಸಿ.

ಹೊಸ ಬ್ರೇಕ್ ಪ್ಯಾಡ್, ಹೊಸ ಟೈರುಗಳಿಗೂ ಕೆಲವು ನೂರು ಕಿ.ಮೀ. ಬೇಕು. ನಿಮ್ಮದು 640 ಆಗಿದೆ, ಅದು ಮುಗಿದ ಕತೆ.

ಈಗ ಶಿರಾಡಿ. ಸಕಲೇಶಪುರ ದಾಟಿ ಇಳಿಯುವಾಗ ಎರಡನೇ, ಮೂರನೇ ಗೇರಿನಲ್ಲಿ ಇಳಿಯಿರಿ. ನ್ಯೂಟ್ರಲ್ ಮಾಡಬೇಡಿ. ಗೇರಿನಲ್ಲಿದ್ದು ಎಕ್ಸಲೇಟರಿನಿಂದ ಕಾಲು ತೆಗೆದಾಗ ಇಂಜೆಕ್ಟರುಗಳು ಡೀಸೆಲ್ ಕೊಡುವುದನ್ನೇ ನಿಲ್ಲಿಸುತ್ತವೆ. ಅಂದರೆ ನ್ಯೂಟ್ರಲ್‌ನಲ್ಲಿ ಉಳಿಯುತ್ತದೆ ಅಂದುಕೊಂಡಿದ್ದು ಗೇರಿನಲ್ಲೇ ಜಾಸ್ತಿ ಉಳಿಯುತ್ತದೆ. ಬ್ರೇಕೂ ಕಾಯುವುದಿಲ್ಲ. ವಾಪಸ್ ಬರುವಾಗ ಏರಿನಲ್ಲಿ ಲಾರಿಗಳ ಹಿಂದೆ ಸಿಕ್ಕಿಹಾಕಿಕೊಳ್ಳುವುದು ಖಂಡಿತ. ಆಗ ಮೂರನೇ ಗೇರಿನಲ್ಲಿ ತಿಣುಕಬೇಡಿ, ಎರಡಕ್ಕೆ ಇಳಿಸಿ 2,000ದ ಮೇಲೆ ಇಟ್ಟುಕೊಳ್ಳಿ. ಶಬ್ದ ಸ್ವಲ್ಪ ಜಾಸ್ತಿ ಬರುತ್ತದೆ. ಭಯಪಡಬೇಡಿ. ಓವರ್‌ಟೇಕ್ ಮಾಡಲೇಬೇಕಾದ ಹೊತ್ತಿನಲ್ಲಿ ಮುಳ್ಳು 3,500ಕ್ಕೆ ಹೋದರೂ ಪರವಾಗಿಲ್ಲ. ಇಂಜಿನ್‌ಗಿಂತ ನಿಮ್ಮ ಜೀವ ದೊಡ್ಡದು.

ಇನ್ನು ಟ್ಯಾಕ್ಸಿ ಡ್ರೈವರ್ ಹೇಳಿದ ಐದು ನಿಮಿಷ, ಮೂರು ನಿಮಿಷದ ಮಾತು. ಇದು ಅರ್ಥವಾಗಬೇಕಾದರೆ ಟರ್ಬೊ ಏನು ಮಾಡುತ್ತದೆ ಅಂತ ತಿಳಿಯಬೇಕು. ಒಂದು ಸಣ್ಣ ಶಾಫ್ಟ್. ಅದರ ಎರಡು ತುದಿಗೆ ಎರಡು ಚಕ್ರ. ಒಂದನ್ನು ಇಂಜಿನ್ ಹೊಗೆ ತಿರುಗಿಸುತ್ತದೆ. ಇನ್ನೊಂದು ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್ ಒಳಗೆ ತುಂಬುತ್ತದೆ. ಸುಮ್ನೆ ಹೊರಗೆ ಹೋಗುವ ಹೊಗೆಯಿಂದಲೇ ಕೆಲಸ ತೆಗೆಯುವ ಉಪಾಯ ಇದು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಇದಕ್ಕೆ ಪೇಟೆಂಟ್ ತೆಗೆದಿದ್ದರು. ನಿಮ್ಮ ಇಂಜಿನ್ ನಿಮಿಷಕ್ಕೆ ಹೆಚ್ಚೆಂದರೆ ನಾಲ್ಕೈದು ಸಾವಿರ ಸುತ್ತು ತಿರುಗುತ್ತದೆ. ಟರ್ಬೊ ಜೋರು ಎಳೆಯುವಾಗ ಒಂದೂವರೆ, ಎರಡು ಲಕ್ಷ ಸುತ್ತಿನ ತನಕ ಹೋಗುತ್ತದೆ. ಇಷ್ಟು ವೇಗದಲ್ಲಿ ತಿರುಗುವ ಆ ಶಾಫ್ಟ್ ಸಾಮಾನ್ಯವಾಗಿ ಬಾಲ್ ಬೇರಿಂಗ್ ಮೇಲೆ ಕೂತಿರುವುದಿಲ್ಲ. ತೆಳ್ಳನೆಯ ಆಯಿಲ್ ಪದರದ ಮೇಲೆ ತೇಲುತ್ತಿರುತ್ತದೆ. ಒಂದು ಪಕ್ಕದಲ್ಲಿ 700–800 ಡಿಗ್ರಿ ಬಿಸಿಯ ಹೊಗೆ. ನಡುವೆ ಇರುವುದು ಆ ಆಯಿಲ್ ಮಾತ್ರ. ಹಾಗಾಗಿ ಟರ್ಬೊದ ಆಯಸ್ಸು ಅಂದರೆ ಆಯಿಲ್‌ನ ಆಯಸ್ಸೇ.

ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಮೊದಲು ಸುರುಳಿಯ ಹಾಗಿರುವ ಗ್ಲೋ ಪ್ಲಗ್ ದೀಪ ಆರಲಿ (ಸ್ಟಾರ್ಟ್ ಆಗೋಕೆ ಮುಂಚೆ ಸಿಲಿಂಡರ್ ಒಳಗೆ ಬಿಸಿ ಮಾಡುವುದು ಈ ಗ್ಲೋ ಪ್ಲಗ್). ಸ್ಟಾರ್ಟ್ ಆದ ಮೇಲೆ ಅರ್ಧ ನಿಮಿಷ ಸಾಕು. ಸೀಟ್ ಬೆಲ್ಟ್ ಹಾಕಿ, ಕನ್ನಡಿ ಸರಿಮಾಡಿಕೊಳ್ಳುವಷ್ಟು ಹೊತ್ತು. ಅಷ್ಟರಲ್ಲಿ ಆಯಿಲ್ ಟರ್ಬೊ ತನಕ ಹೋಗಿರುತ್ತದೆ. ಈ ಹೊತ್ತಿನಲ್ಲಿ ಮಾತ್ರ ರೇಸ್ ಕೊಡಬೇಡಿ. ಐದು ನಿಮಿಷ ನಿಲ್ಲಿಸಿಕೊಂಡು ಕಾಯುವುದರಿಂದ ಲಾಭ ಇಲ್ಲ. ನಿಂತ ಡೀಸೆಲ್ ಇಂಜಿನ್ ಬಿಸಿಯಾಗೋಕೆ ತುಂಬಾ ಹೊತ್ತು ಬೇಕು. ಆ ಹೊತ್ತೆಲ್ಲ ಅರೆಬರೆ ಉರಿದು ಮಸಿ ಕಟ್ಟುತ್ತದೆ. ಮೆಲ್ಲಗೆ ಹೊರಡುವುದೇ ಬಿಸಿ ಮಾಡುವ ಒಳ್ಳೆಯ ದಾರಿ. ಮೊದಲ ನಾಲ್ಕೈದು ಕಿ.ಮೀ. 2,000–2,200 ದಾಟದ ಹಾಗೆ ಹೋಗಿ. ನೀರಿನ ಮುಳ್ಳು ಮಧ್ಯಕ್ಕೆ ಬಂದ ಕೂಡಲೇ ಇಂಜಿನ್ ಬಿಸಿಯಾಯಿತು ಅಂದುಕೊಳ್ಳಬೇಡಿ. ಆಯಿಲ್ ಬಿಸಿಯಾಗೋಕೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕು.

ಆಫ್ ಮಾಡುವಾಗ? ಶಾಲೆಯ ಗೇಟಿನ ಒಳಗೆ ಮೆಲ್ಲಗೆ ಬಂದು ನಿಲ್ಲಿಸಿದಿರಿ ಅಂದರೆ ಕೂಡಲೇ ಆಫ್ ಮಾಡಿ. ಟರ್ಬೊ ಆಗಲೇ ತಣ್ಣಗಿರುತ್ತದೆ. ಆದರೆ ಶಿರಾಡಿ ಹತ್ತಿ ಬಂದು, ಕಾಫಿಗೆ ಅಂತ ರಸ್ತೆ ಪಕ್ಕ ನಿಲ್ಲಿಸಿ ತಟ್ಟನೆ ಕೀ ತೆಗೆದರೆ ಕತೆ ಬೇರೆ. ಟರ್ಬೊ ಕೆಂಡದ ಹಾಗೆ ಕಾದಿರುತ್ತದೆ. ಆಯಿಲ್ ಹರಿಯುವುದು ನಿಂತುಹೋಗುತ್ತದೆ. ಶಾಫ್ಟಿನ ಸುತ್ತ ಉಳಿದ ಆಯಿಲ್ ಅಲ್ಲೇ ಸೀದು ಕರಿ ಹೆಪ್ಪಾಗುತ್ತದೆ, ಬಾಣಲೆಯ ತಳದಲ್ಲಿ ಎಣ್ಣೆ ಸೀದ ಹಾಗೆ. ಅಂಥ ಹೊತ್ತಿನಲ್ಲಿ ಒಂದರಿಂದ ಎರಡು ನಿಮಿಷ ಇಂಜಿನ್ ಓಡುತ್ತಿರಲಿ. ಕೊನೆಯ ಒಂದೆರಡು ಕಿ.ಮೀ. ನಿಧಾನವಾಗಿ ಬಂದಿದ್ದರೆ ಅದೂ ಬೇಕಿಲ್ಲ. ನಿಮ್ಮ ಪಕ್ಕದ ಮನೆಯವರು ದಿನಾ ಹೈವೇಯಲ್ಲಿ ಓಡಿಸುವವರು. ಅವರ ಅಭ್ಯಾಸ ಅವರಿಗೆ ಸರಿ.

ಇನ್ನು ನಿಮ್ಮ 9 ಕಿ.ಮೀ. ಕೊಳ್ಳುವ ಮುಂಚೆ ಕೇಳಿದ್ದರೆ ಪೆಟ್ರೋಲ್ ಗಾಡಿ ತಗೊಳ್ಳಿ ಅನ್ನುತ್ತಿದ್ದೆ. ಈಗ ಕೊಂಡಾಗಿದೆ. ಗಾಡಿ ಒಳ್ಳೆಯದೇ. ಅದಕ್ಕೆ ತಕ್ಕ ಹಾಗೆ ನಾವು ನಡೆದುಕೊಳ್ಳಬೇಕು.

2020ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಗಾಡಿಗಳ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬಂತು. ಡೀಸೆಲ್‌ನಲ್ಲಿ ಗಂಧಕದ ಮಿತಿ 50 ಪಿಪಿಎಂ (ಹತ್ತು ಲಕ್ಷದಲ್ಲಿ 50 ಭಾಗ) ಇದ್ದದ್ದು 10ಕ್ಕೆ ಇಳಿಯಿತು. ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಡಿಪಿಎಫ್ ಅನ್ನುವ ಫಿಲ್ಟರ್ ಬಂತು. ಅದು ಪಿಂಗಾಣಿಯಂಥ ವಸ್ತುವಿನ ಜೇನುಗೂಡು. ಹೊಗೆ ಗೋಡೆಯ ಮೂಲಕವೇ ಸೋಸಿಕೊಂಡು ಹೋಗಬೇಕು, ಮಸಿ ಒಳಗೇ ಉಳಿಯುತ್ತದೆ. ಬೇಕಾದರೆ ಗಾಡಿ ತಣ್ಣಗಿದ್ದಾಗ ನಿಮ್ಮ ಸೈಲೆನ್ಸರ್ ತುದಿಯ ಒಳಗೆ ಬೆರಳು ಆಡಿಸಿ ನೋಡಿ. ಹಳೇ ಡೀಸೆಲ್ ಗಾಡಿಯಾದರೆ ಬೆರಳು ಕಾಡಿಗೆ ಆಗುತ್ತದೆ. ನಿಮ್ಮದರಲ್ಲಿ ಹೆಚ್ಚುಕಡಿಮೆ ಏನೂ ಅಂಟುವುದಿಲ್ಲ. ಆ ಮಸಿಯೆಲ್ಲ ಒಳಗಿದೆ. ಅದನ್ನು ಆಗಾಗ ಸುಡಬೇಕು.

ಸುಡೋಕೆ ಸುಮಾರು 600 ಡಿಗ್ರಿ ಬಿಸಿ ಬೇಕು. ಕೆಲವು ನೂರು ಕಿ.ಮೀ.ಗೊಮ್ಮೆ, ಫಿಲ್ಟರ್ ತುಂಬಿದೆ ಅಂತ ಗೊತ್ತಾದಾಗ ಗಾಡಿಯ ಕಂಪ್ಯೂಟರ್ ತಾನೇ ಈ ಕೆಲಸ ಶುರು ಮಾಡುತ್ತದೆ. ಸಿಲಿಂಡರಿಗೆ ತಡವಾಗಿ ಒಂದಿಷ್ಟು ಹೆಚ್ಚುವರಿ ಡೀಸೆಲ್ ಚಿಮ್ಮಿಸಿ, ಅದು ಹೊಗೆ ಕೊಳವೆಯಲ್ಲಿ ಉರಿದು ಫಿಲ್ಟರ್ ಕಾಯುವ ಹಾಗೆ ಮಾಡುತ್ತದೆ. ಇದಕ್ಕೆ ರೀಜನರೇಷನ್ ಅಂತಾರೆ. ಹತ್ತಿಪ್ಪತ್ತು ನಿಮಿಷ ನಡೆಯುತ್ತದೆ. ನಿಮಗೆ ಗೊತ್ತಾಗುವುದು ಹೀಗೆ: ನಿಂತಾಗ ಆರ್‌ಪಿಎಂ ಮಾಮೂಲಿಗಿಂತ ಸ್ವಲ್ಪ ಮೇಲಿರುತ್ತದೆ. ಮೈಲೇಜ್ ತೋರಿಸುವ ಅಂಕಿ ಕೆಳಗೆ ಬೀಳುತ್ತದೆ. ಆಫ್ ಮಾಡಿದ ಮೇಲೂ ಫ್ಯಾನ್ ತಿರುಗುತ್ತದೆ, ಬಿಸಿ ಕಬ್ಬಿಣದ ವಾಸನೆ ಬರುತ್ತದೆ. ಒಂದು ಸಲ ಹಾಗೆ ನಡುವೆ ಆಫ್ ಮಾಡಿದರೆ ಏನೂ ಆಗುವುದಿಲ್ಲ, ಮುಂದಿನ ಸಲ ಮತ್ತೆ ಶುರುವಾಗುತ್ತದೆ. ಪ್ರತಿ ಸಲ ನಡುವೆ ಆಫ್ ಮಾಡುತ್ತಿದ್ದರೆ ತೊಂದರೆ.

ಆ ತೊಂದರೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮನೆಯಿಂದ ಆಫೀಸು ಮೂರು ಕಿ.ಮೀ. ಇದ್ದವರೊಬ್ಬರ ಗಾಡಿ. ಎರಡು ವರ್ಷಕ್ಕೆ ಏಳು ಸಾವಿರ ಕಿ.ಮೀ. ಆಗಿತ್ತು. ತುಂಬಾ ನಾಜೂಕಾಗಿ ಇಟ್ಟುಕೊಂಡಿದ್ದರು, ಸೀಟಿನ ಮೇಲೆ ಒಂದು ಕಲೆ ಇರಲಿಲ್ಲ. ‘ಪಿಕಪ್ ಇಲ್ಲ, ಒಂದು ಹಳದಿ ದೀಪ ಉರಿಯುತ್ತಿದೆ’ ಅಂತ ತಂದರು. ಇಂಜಿನ್ ಆಯಿಲ್ ಮಟ್ಟ ತೋರಿಸುವ ಕಡ್ಡಿ ಎಳೆದು ನೋಡಿದೆ. ಆಯಿಲ್ ಮೇಲಿನ ಗುರುತಿಗಿಂತ ಒಂದು ಇಂಚು ಮೇಲಿತ್ತು. ಯಾರೂ ಆಯಿಲ್ ಹಾಕಿರಲಿಲ್ಲ. ಎರಡು ಬೆರಳ ನಡುವೆ ಉಜ್ಜಿದರೆ ಜಿಡ್ಡೇ ಇಲ್ಲ, ನೀರು ನೀರು. ಮೂಗಿನ ಹತ್ತಿರ ಹಿಡಿದರೆ ಘಮ್ಮನೆ ಡೀಸೆಲ್ ವಾಸನೆ. ಪ್ರತಿ ಸಲ ಅರ್ಧಕ್ಕೆ ನಿಂತ ರೀಜನರೇಷನ್‌ನ ಡೀಸೆಲ್ ಸ್ವಲ್ಪ ಸ್ವಲ್ಪವೇ ಬೋರ್ ಗೋಡೆಯ ಮೇಲಿಂದ ಇಳಿದು ಆಯಿಲ್‌ಗೆ ಸೇರಿತ್ತು. ತಣ್ಣನೆಯ ಇಂಜಿನ್‌ನಲ್ಲಿ ಅದು ಆವಿಯಾಗಿ ಹೋಗೋಕೆ ದಾರಿಯೇ ಇರಲಿಲ್ಲ. ಅಂಥ ಆಯಿಲ್ ಮೇಲೆ ಎರಡು ಲಕ್ಷ ಸುತ್ತಿನ ಶಾಫ್ಟ್ ತೇಲಬೇಕು, ಯೋಚನೆ ಮಾಡಿ. ಅವರು ದೀಪ ಕಂಡ ಮೊದಲ ದಿನವೇ ಬಂದಿದ್ದರೆ ಹೈವೇಯಲ್ಲಿ ಒಂದು ಓಟ, ಹೊಸ ಆಯಿಲ್, ಇಷ್ಟರಲ್ಲಿ ಮುಗಿಯುತ್ತಿತ್ತು. ಎರಡು ತಿಂಗಳು ಬಿಟ್ಟು ಬಂದಿದ್ದರಿಂದ ಫಿಲ್ಟರ್ ಬಿಚ್ಚಬೇಕಾಯಿತು.

ಹಾಗಾಗಿ ನೀವು ಮಾಡಬೇಕಾದದ್ದು ಇಷ್ಟು. ವಾರಕ್ಕೊಮ್ಮೆ, ತಪ್ಪಿದರೆ ಹತ್ತು ದಿನಕ್ಕೊಮ್ಮೆ, ಗಾಡಿಗೆ ಒಂದು ಒಳ್ಳೆಯ ಓಟ ಕೊಡಿ. ನಿಮಗೆ ಚನ್ನರಾಯಪಟ್ಟಣದ ಕಡೆ ಒಳ್ಳೆಯ ನಾಲ್ಕು ಪಥದ ರಸ್ತೆ ಇದೆ. ಹಾಸನದಿಂದ ಇಪ್ಪತ್ತು ಕಿ.ಮೀ. ಹೋಗಿ ವಾಪಸ್ ಬನ್ನಿ. 70–80ರಲ್ಲಿ ಹೋಗಿ. ಟಾಪ್ ಗೇರಿಗಿಂತ ಒಂದು ಕೆಳಗಿನ ಗೇರಿನಲ್ಲಿ 2,000ದ ಸುಮಾರು ಇಟ್ಟುಕೊಳ್ಳಿ. ರನ್ನಿಂಗ್ ಇನ್ ಕೂಡ ಇದರಲ್ಲೇ ಆಗುತ್ತದೆ. ಡಿಪಿಎಫ್ ದೀಪ ಬಂದರೆ ಭಾನುವಾರ ನೋಡೋಣ ಅನ್ನಬೇಡಿ. ಅವತ್ತೇ ಸಂಜೆ 60ರ ಮೇಲೆ ಇಪ್ಪತ್ತು ಇಪ್ಪತ್ತೈದು ನಿಮಿಷ ಬಿಡದೆ ಓಡಿಸಿ. ದೀಪ ಆರದಿದ್ದರೆ, ಇಲ್ಲವೇ ಮಿಟುಕೋಕೆ ಶುರುವಾದರೆ ನೇರ ಸರ್ವಿಸ್ ಸೆಂಟರಿಗೆ ಹೋಗಿ. ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗೆ ಇಳಿಯದಿರಲಿ. ಡೀಸೆಲ್ ತೀರಾ ಕಡಿಮೆ ಇದ್ದರೆ ಹಲವು ಗಾಡಿಗಳು ರೀಜನರೇಷನ್ ಶುರುವೇ ಮಾಡುವುದಿಲ್ಲ. ಯಾರಾದರೂ ‘ಡಿಪಿಎಫ್ ತೆಗೆದು ಹಾಕಿಸಿಬಿಡಿ, ತಲೆನೋವೇ ಇಲ್ಲ’ ಅಂದರೆ ಕೇಳಬೇಡಿ. ವಾರಂಟಿ ಹೋಗುತ್ತದೆ, ಕಾನೂನಿಗೂ ವಿರುದ್ಧ. ಅದಕ್ಕಿಂತ ಹೆಚ್ಚಾಗಿ, ಆ ಮಸಿ ನಿಮ್ಮ ಶಾಲೆಯ ಗೇಟಿನ ಮುಂದೆ ನಿಂತ ಮಕ್ಕಳ ಎದೆಗೆ ಹೋಗುತ್ತದೆ.

ಆಯಿಲ್ ಬಗ್ಗೆ ಕೇಳಿದ್ದೀರಿ. ಸಾವಿರ ಕಿ.ಮೀ. ಸರ್ವಿಸ್ ಸಾಮಾನ್ಯವಾಗಿ ತಪಾಸಣೆಗೆ ಮಾತ್ರ, ಆಯಿಲ್ ಬದಲಿಸುವುದಿಲ್ಲ. ಬದಲಿಸಲಿಲ್ಲ ಅಂತ ಜಗಳ ಆಡಬೇಡಿ. ಆದರೆ ಪುಸ್ತಕದಲ್ಲಿ 10,000 ಅಥವಾ 15,000 ಕಿ.ಮೀ. ಅಂತ ಬರೆದಿದ್ದರೆ, ನನ್ನ ಸ್ವಂತ ಗಾಡಿಯಾದರೆ ಮೊದಲ ಸಲ ಮಾತ್ರ ಅಲ್ಲಿಯ ತನಕ ಕಾಯುವುದಿಲ್ಲ. 5,000ಕ್ಕೆ ಬದಲಿಸುತ್ತೇನೆ. ಮೊದಲ ಆಯಿಲ್ ಫಿಲ್ಟರನ್ನು ಕತ್ತರಿಸಿ ಕಾಗದ ಬಿಡಿಸಿ ಬಿಸಿಲಿಗೆ ಹಿಡಿದರೆ ಬೆಳ್ಳಿ ಪುಡಿ ಉದುರಿಸಿದ ಹಾಗೆ ಸಣ್ಣ ಮಿನುಗು ಕಾಣುವುದುಂಟು. ರಿಂಗ್ ಕೂರುವಾಗ ಸವೆದ ಲೋಹ ಅದು. ಹೆದರುವಂಥದ್ದೇನಲ್ಲ. ಫಿಲ್ಟರ್ ಹಿಡಿದಿಟ್ಟಿರುತ್ತದೆ. ಆದರೂ ಅದನ್ನು ಬೇಗ ಹೊರಗೆ ಕಳಿಸಿದರೆ ನನಗೆ ಸಮಾಧಾನ. ಇನ್ನೊಂದು ಮಾತು. ಪುಸ್ತಕದಲ್ಲಿ ‘ಕಠಿಣ ಬಳಕೆ’ ಅಂತ ಬೇರೆ ಪಟ್ಟಿ ಇರುತ್ತದೆ ನೋಡಿ. ಗುಡ್ಡಗಾಡು, ಧೂಳು ಅಂತ ಬರೆದಿರುತ್ತಾರೆ. ಅದರಲ್ಲೇ 8 ಕಿ.ಮೀ.ಗಿಂತ ಕಡಿಮೆ ದೂರದ ಓಟ ಪದೇ ಪದೇ ಅಂತಲೂ ಕೆಲವು ಕಂಪನಿಗಳು ಬರೆಯುತ್ತವೆ. ನಿಮ್ಮದು ನಾಲ್ಕೂವರೆ. ಅಂದರೆ ನಿಮ್ಮ ಮೆತ್ತಗಿನ ಓಡಾಟವೇ ಕಂಪನಿಯ ಲೆಕ್ಕದಲ್ಲಿ ಕಠಿಣ ಬಳಕೆ. ಕಿ.ಮೀ. ಎಷ್ಟೇ ಕಡಿಮೆ ಆಗಿರಲಿ, ವರ್ಷಕ್ಕೊಮ್ಮೆ ಆಯಿಲ್ ಬದಲಾಗಲೇಬೇಕು. ನಿಮ್ಮ ಓಡಾಟಕ್ಕೆ ಎಂಟು ತಿಂಗಳಿಗೆ ಬದಲಿಸಿದರೂ ದುಂದು ಅಲ್ಲ.

ಯಾವ ಆಯಿಲ್ ಅನ್ನುವುದು ಬ್ರ್ಯಾಂಡಿಗಿಂತ ಮುಖ್ಯ. ಡಿಪಿಎಫ್ ಇರುವ ಗಾಡಿಗೆ ಬೂದಿ ಕಡಿಮೆ ಬಿಡುವ ಆಯಿಲ್ ಬೇಕು. ಮಸಿ ಸುಟ್ಟರೆ ಹೋಗುತ್ತದೆ. ಆಯಿಲ್‌ನ ಬೂದಿ ಸುಡುವುದಿಲ್ಲ, ಫಿಲ್ಟರಿನಲ್ಲೇ ಉಳಿದುಬಿಡುತ್ತದೆ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಎಸಿಇಎ ಸಿ2 ಅಥವಾ ಸಿ3 ಅಂತ ಇರುತ್ತದೆ. ಇದು ಯುರೋಪಿನ ಆಯಿಲ್ ಗುಣಮಟ್ಟದ ಗುರುತು. ನಿಮ್ಮ ಪುಸ್ತಕದಲ್ಲಿ ಹೇಳಿದ್ದೇ ಡಬ್ಬಿಯ ಮೇಲಿದೆಯಾ ಅಂತ ಹೋಲಿಸಿ ನೋಡಿ. ಲಾರಿಗೆ ಹಾಕುವ ದಪ್ಪ ಆಯಿಲ್ ಒಳ್ಳೆಯದು ಅಂತ ಯಾರೋ ಹೇಳಿದರು ಅಂತ ಹಾಕಿಸಬೇಡಿ.

ಕಡ್ಡಿ ನೋಡುವುದನ್ನು ನೀವೇ ಕಲಿಯಿರಿ. ಗಾಡಿ ಸಮತಟ್ಟು ಜಾಗದಲ್ಲಿರಲಿ. ಆಫ್ ಮಾಡಿ ಹತ್ತು ನಿಮಿಷ ಬಿಡಿ. ಎಳೆದು, ಒರೆಸಿ, ಪೂರ್ತಿ ಒಳಗೆ ಹಾಕಿ ಮತ್ತೆ ಎಳೆಯಿರಿ. ಎರಡು ಗುರುತುಗಳ ನಡುವೆ ಇರಬೇಕು. ಮೊದಲ ಕೆಲವು ಸಾವಿರ ಕಿ.ಮೀ.ಯಲ್ಲಿ ಒಂದಿಷ್ಟು ಕೆಳಗಿಳಿಯುವುದು ಸಹಜ. ಆಯಿಲ್ ಕಪ್ಪಗಿದೆ ಅಂತ ಗಾಬರಿಯಾಗಬೇಡಿ. ಡೀಸೆಲ್ ಇಂಜಿನ್‌ನಲ್ಲಿ ಹೊಸ ಆಯಿಲ್ ಕೂಡ ಬೇಗ ಕಪ್ಪಾಗುತ್ತದೆ, ಮಸಿಯನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ. ಗಾಬರಿ ಆಗಬೇಕಾದದ್ದು ಮಟ್ಟ ಮೇಲೇರಿದಾಗ.

ಏರ್ ಫಿಲ್ಟರ್ ವಿಷಯ ಒಂದೇ ಮಾತಿನಲ್ಲಿ ಮುಗಿಸಲಾರೆ. ಕ್ವಾರಿ ಹತ್ತಿರದ ಮಣ್ಣು ರಸ್ತೆಯಲ್ಲಿ ದಿನಾ ಓಡಾಡುತ್ತಿದ್ದ ಗಾಡಿಯೊಂದರ ಟರ್ಬೊ ಬಿಚ್ಚಿದ್ದೆ. ಗಾಳಿ ಕಡೆಯ ಚಕ್ರದ ರೆಕ್ಕೆಗಳ ಅಂಚು ಇಲಿ ಕಡಿದ ಹಾಗಿತ್ತು. ಶಾಫ್ಟ್ ಬೆರಳಲ್ಲಿ ಆಡಿಸಿದರೆ ಲೊಡಲೊಡ ಅನ್ನುತ್ತಿತ್ತು. ಕಾರಣ ಹುಡುಕಿದರೆ, ಯಾರೋ ಫಿಲ್ಟರ್ ಸ್ವಚ್ಛ ಮಾಡಿ ಡಬ್ಬಿಯ ಮುಚ್ಚಳದ ಒಂದು ಕ್ಲಿಪ್ ಹಾಕುವುದನ್ನೇ ಮರೆತಿದ್ದರು. ಆ ಒಂದು ಸಂದಿಯಿಂದ ಧೂಳು ನೇರ ಒಳಗೆ. ಸರ್ವಿಸ್ ಆಗಿ ಬಂದಾಗ ಬಾನೆಟ್ ತೆಗೆದು ಆ ಕ್ಲಿಪ್‌ಗಳನ್ನು ಒಮ್ಮೆ ನೀವೇ ಮುಟ್ಟಿ ನೋಡಿ.

ಡೀಸೆಲ್ ಫಿಲ್ಟರ್ ಕೂಡ ಸಮಯಕ್ಕೆ ಬದಲಾಗಲಿ. ನಿಮ್ಮ ಇಂಜೆಕ್ಟರಿಗೆ ಡೀಸೆಲ್ 1,600 ಬಾರ್‌ಗೂ ಹೆಚ್ಚಿನ ಒತ್ತಡದಲ್ಲಿ ಹೋಗುತ್ತದೆ. ಅದರೊಳಗಿನ ಸಂದಿ ಕೂದಲೆಳೆಗಿಂತ ಎಷ್ಟೋ ಸಣ್ಣದು. ನೀರಿನ ಹನಿಯೂ ಅದಕ್ಕೆ ಶತ್ರು. ಜನ ಓಡಾಡುವ, ಡೀಸೆಲ್ ಬೇಗ ಖರ್ಚಾಗುವ ಬಂಕಿನಲ್ಲೇ ಹಾಕಿಸಿ. ಕೆಲವರು ಡೀಸೆಲ್‌ಗೆ ಬೈಕಿನ 2ಟಿ ಆಯಿಲ್ ಬೆರೆಸುತ್ತಾರೆ. ಹಳೇ ಗಾಡಿಗೆ ನಡೆಯುತ್ತಿತ್ತೇನೋ, ನಿಮ್ಮದಕ್ಕೆ ಬೇಡ. ಅಪ್ಪಿತಪ್ಪಿ ಬಂಕಿನ ಹುಡುಗ ಪೆಟ್ರೋಲ್ ಹಾಕಿಬಿಟ್ಟರೆ ಕೀ ಆನ್ ಕೂಡ ಮಾಡಬೇಡಿ. ಗಾಡಿಯೊಳಗಿನ ಡೀಸೆಲ್ ಪಂಪಿಗೆ ಜಾರಿಕೆ ಕೊಡುವುದೇ ಡೀಸೆಲ್. ಪೆಟ್ರೋಲ್‌ನಲ್ಲಿ ಆ ಗುಣ ಇಲ್ಲ. ಪಂಪ್ ಸವೆದು ಉದುರಿದ ಲೋಹ ಇಂಜೆಕ್ಟರ್ ತನಕ ಹೋಗುತ್ತದೆ. ಗಾಡಿ ತಳ್ಳಿ ಪಕ್ಕಕ್ಕೆ ನಿಲ್ಲಿಸಿ ಟ್ಯಾಂಕ್ ಖಾಲಿ ಮಾಡಿಸಿ.

ನಿಮ್ಮ ಗಾಡಿಯಲ್ಲಿ ಡೀಸೆಲ್ ಮುಚ್ಚಳದ ಹತ್ತಿರ ಇನ್ನೊಂದು ನೀಲಿ ಮುಚ್ಚಳ ಇದ್ದರೆ ಅದು ಆ್ಯಡ್‌ಬ್ಲೂ ಹಾಕೋಕೆ. ಹೊಗೆಯಲ್ಲಿರುವ ಕೆಟ್ಟ ಅನಿಲ ಕಡಿಮೆ ಮಾಡುವ ದ್ರವ ಅದು. ಅದರಲ್ಲಿ ನೂರಕ್ಕೆ 32.5 ಭಾಗ ಶುದ್ಧ ಯೂರಿಯಾ, ಉಳಿದದ್ದು ಖನಿಜ ತೆಗೆದ ನೀರು. ಮನೆಯಲ್ಲಿ ಗೊಬ್ಬರದ ಯೂರಿಯಾ ಮೂಟೆ ಇದೆ ಅಂತ ಕದಡಿ ಹಾಕುವ ಯೋಚನೆ ಯಾರಿಗಾದರೂ ಬಂದರೆ ತಡೆಯಿರಿ. ನಮ್ಮ ಗೊಬ್ಬರದ ಯೂರಿಯಾಗೆ ಬೇವಿನ ಎಣ್ಣೆ ಸವರಿರುತ್ತದೆ. ಜೊತೆಗೆ ಬೋರ್‌ವೆಲ್ ನೀರಿನ ಸುಣ್ಣ. ಎರಡೂ ಸೇರಿ ಆ ದ್ರವ ಹೋಗುವ ದಾರಿಯನ್ನೇ ಮುಚ್ಚಿಬಿಡುತ್ತವೆ. ರೇಡಿಯೇಟರಿಗೂ ಬೋರ್‌ವೆಲ್ ನೀರು ಹಾಕಬೇಡಿ, ಕಂಪನಿ ಹೇಳಿದ ಕೂಲೆಂಟ್ ಮಾತ್ರ.

ಮಳೆಗಾಲದಲ್ಲಿ ರಸ್ತೆ ಮೇಲೆ ನೀರು ಹರಿಯುತ್ತಿದ್ದರೆ ದಾಟುವ ಧೈರ್ಯ ಬೇಡ. ಡೀಸೆಲ್ ಇಂಜಿನ್ ಗಾಳಿಯನ್ನು ಸುಮಾರು ಹದಿನಾರರಲ್ಲಿ ಒಂದು ಭಾಗಕ್ಕೆ ಒತ್ತುತ್ತದೆ. ಗಾಳಿಯ ಜಾಗಕ್ಕೆ ನೀರು ಬಂದರೆ ಒತ್ತೋಕೆ ಆಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರಿನಲ್ಲಿ ಇಂಜಿನ್ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡೋಕೆ ಹೋಗಬೇಡಿ.

ಮುಂದಿನ ವಾರ ಹೊರಡುವ ಹಿಂದಿನ ಸಂಜೆ ಆಯಿಲ್ ಕಡ್ಡಿ ನೋಡಿ, ಮಟ್ಟದ ಒಂದು ಫೋಟೊ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ. ಟೈರಿನ ಗಾಳಿ ತಣ್ಣಗಿದ್ದಾಗಲೇ ನೋಡಿಸಿ. ಮಂಗಳೂರಿಂದ ವಾಪಸ್ ಬಂದ ಮರುದಿನ ಬೆಳಿಗ್ಗೆ, ಅದೇ ಜಾಗದಲ್ಲಿ ನಿಲ್ಲಿಸಿ ಮತ್ತೆ ಕಡ್ಡಿ ಎಳೆದು ಫೋಟೊ ತೆಗೆಯಿರಿ. ಅಷ್ಟೊತ್ತಿಗೆ ಸಾವಿರ ಕಿ.ಮೀ. ಹತ್ತಿರ ಬಂದಿರುತ್ತದೆ. ಸರ್ವಿಸ್‌ಗೆ ಬಿಡುವಾಗ ಆ ಎರಡು ಫೋಟೊ ಅವರಿಗೆ ತೋರಿಸಿ. ಮಟ್ಟದಲ್ಲಿ ಏನಾದರೂ ದೊಡ್ಡ ಏರುಪೇರು ಕಂಡರೆ ನನಗೂ ಬರೆಯಿರಿ, ನೋಡಿ ಹೇಳುತ್ತೇನೆ.